ಕಾಳಿಯ ಕಲ್ಲು, ತಿಮ್ಮಕ್ಕನ ಸಾಲು

ನವೆಂಬರ್ ಹತ್ತಿರ ಬಂತೆಂದರೆ ಮೈಸೂರು ಪೇಟ ಕಟ್ಟುವವರಿಗೆ ಬಿಡುವಿಲ್ಲ. ರಾಜ್ಯೋತ್ಸವ ಕ್ಯಾಲೆಂಡರಿನಲ್ಲಿ ಒಂದು ದಿನ, ಊರುಗಳಲ್ಲಿ ಒಂದು ತಿಂಗಳು. ಆಟೋ ನಿಲ್ದಾಣದ ಕನ್ನಡ ಸಂಘ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ತರಕಾರಿ ಮಾರುಕಟ್ಟೆಯ ಗೆಳೆಯರ ಬಳಗ, ಎಲ್ಲರೂ ಶಾಮಿಯಾನ ಹಾಕುತ್ತಾರೆ, ಭುವನೇಶ್ವರಿಯ ಪಟ ಇಡುತ್ತಾರೆ, ಸಂಜೆ ಆರ್ಕೆಸ್ಟ್ರಾ ಶುರುವಾಗುವ ಮೊದಲು ಒಬ್ಬರಿಗಾದರೂ ಸನ್ಮಾನ ಮಾಡುತ್ತಾರೆ. ಅದರ ಕ್ರಮ ಹಳ್ಳಿಯ ಹುಡುಗನಿಗೂ ಬಾಯಿಪಾಠ. ಕುರ್ಚಿಯಲ್ಲಿ ಕೂರಿಸುವುದು, ಶಾಲು ಹೊದಿಸುವುದು, ಗಂಧದ ಹಾರ ಹಾಕುವುದು, ಪೇಟ ತೊಡಿಸುವುದು, ಹಣ್ಣಿನ ಬುಟ್ಟಿಯನ್ನು ಮಡಿಲಿಗಿಡುವುದು, ಕಟ್ಟು ಹಾಕಿಸಿದ ಅಭಿನಂದನಾ ಪತ್ರವನ್ನು ಓದಿ ಕೈಗೆ ಕೊಡುವುದು. ಆಮೇಲೆ ವೇದಿಕೆಯ ಮೇಲಿದ್ದವರೆಲ್ಲ ಕುರ್ಚಿಯ ಹಿಂದೆ ಸಾಲಾಗಿ ನಿಂತು ಫೋಟೊ.

ಆ ಕುರ್ಚಿಯಲ್ಲಿ ಕೂತವರು ಯಾರು? ಮೂವತ್ತು ವರ್ಷ ಒಂದೇ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ನಡುರಾತ್ರಿ ಬಾಗಿಲು ತಟ್ಟಿದರೂ ಬಸುರಿಯನ್ನು ಆಸ್ಪತ್ರೆಗೆ ತಲುಪಿಸುವ ಆಟೋ ಚಾಲಕ. ದಿಕ್ಕಿಲ್ಲದವರು ತೀರಿಕೊಂಡಾಗ ಹೆಗಲು ಕೊಟ್ಟು ಮಣ್ಣು ಮಾಡಿ ಬರುವ ಹಮಾಲಿ. ಅಂಗನವಾಡಿಗೆ ತನ್ನ ಮನೆಯ ಜಗಲಿಯನ್ನೇ ಬಿಟ್ಟುಕೊಟ್ಟ ಅಜ್ಜಿ. ಇವರಲ್ಲಿ ಹೆಚ್ಚಿನವರಿಗೆ ವೇದಿಕೆಯ ಅಭ್ಯಾಸವಿಲ್ಲ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಶಾಲಿನ ಅಂಚನ್ನು ಹಿಡಿದುಕೊಂಡಿರುತ್ತಾರೆ. ಮೂರನೆಯ ಸಾಲಿನಲ್ಲಿ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುತ್ತಾಳೆ, ಮೊಮ್ಮಗ ಮೊಬೈಲು ಎತ್ತಿ ಹಿಡಿದಿರುತ್ತಾನೆ. ಒಂದು ಊರು ತನ್ನವರಲ್ಲೊಬ್ಬರನ್ನು ಎಲ್ಲರೆದುರು ಕೂರಿಸಿ ಕೈಮುಗಿಯುವ ಹೊತ್ತು ಅದು. ಪೇಟ ಬಾಡಿಗೆಯದ್ದಾದರೂ ಗೌರವ ಬಾಡಿಗೆಯದ್ದಲ್ಲ. ಇಂಥ ಸನ್ಮಾನಗಳು ಹೆಚ್ಚಾದವು ಎಂದು ಮೂಗು ಮುರಿಯುವವರಿದ್ದಾರೆ. ಹೆಚ್ಚಾಗಲಿ ಬಿಡಿ. ಒಳ್ಳೆಯದನ್ನು ಮಾಡಿದವರನ್ನು ಕಂಡೂ ಕಾಣದಂತೆ ಹೋಗುವ ಊರಿಗಿಂತ ವರ್ಷಕ್ಕೆ ಹತ್ತು ಜನರಿಗೆ ಶಾಲು ಹೊದಿಸುವ ಊರು ಮೇಲು.

ಕೊರತೆ ಇರುವುದು ಆ ಪತ್ರದಲ್ಲಿ. ನಿರೂಪಕರು ದನಿ ಏರಿಸಿ ಓದುವಾಗ ಕಿವಿಗೊಟ್ಟು ಕೇಳಬೇಕು: ಸಮಾಜಸೇವಾ ಧುರೀಣರು, ಕೊಡುಗೈ ದಾನಿಗಳು, ಕಲಿಯುಗ ಕರ್ಣರು, ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳು. ಹೆಸರನ್ನು ಬದಲಿಸಿದರೆ ಇದೇ ಪತ್ರ ಪಕ್ಕದ ಊರಿನ ಇನ್ನೊಬ್ಬರಿಗೂ ಸರಿಹೊಂದುತ್ತದೆ. ಆ ಅಜ್ಜಿ ಜಗಲಿ ಬಿಟ್ಟುಕೊಟ್ಟದ್ದು ಯಾವ ವರ್ಷ, ಅಲ್ಲಿ ಎಷ್ಟು ಮಕ್ಕಳು ಆಡಿ ಬೆಳೆದರು, ಈಗ ಆ ಅಂಗನವಾಡಿಗೆ ಸ್ವಂತ ಕಟ್ಟಡ ಬಂತೇ ಎಂಬ ಮಾತು ಪತ್ರದಲ್ಲಿಲ್ಲ. ಹೊಗಳಿಕೆ ತುಂಬಿದೆ, ಕೆಲಸ ಕಾಣೆಯಾಗಿದೆ. ಸನ್ಮಾನಿತರು ಮನೆಗೆ ಹೋಗಿ ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದ ಮೇಲೆ, ಇಪ್ಪತ್ತು ವರ್ಷ ಕಳೆದು ಓದುವ ಮರಿಮಗಳಿಗೆ ಮುತ್ತಜ್ಜಿ ಏನು ಮಾಡಿದ್ದಳೆಂಬುದು ಗೊತ್ತಾಗುವುದಿಲ್ಲ.

ಮಾಡಿದ ಕೆಲಸವನ್ನು ಬಿಡಿಸಿ ಬರೆದು ಗೌರವಿಸುವ ಕಲೆ ಕನ್ನಡ ನಾಡಿಗೆ ಹೊಸದೇನಲ್ಲ. ಒಂದು ಕಾಲಕ್ಕೆ ಅದು ಬಹಳ ಚೆನ್ನಾಗಿ ಗೊತ್ತಿತ್ತು. ಸಾಕ್ಷಿ ಬೇಕಿದ್ದರೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನೋಡಬೇಕು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಸುಮಾರು 949–50ರದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಕಾದಿದ. ಬೂತುಗನ ಬಂಟ ಮಣಲೆರ ಆ ರಣದಲ್ಲಿ ಮೆರೆದ ಶೌರ್ಯಕ್ಕೆ ಮೆಚ್ಚಿ ಒಡೆಯ, ಏನು ಬೇಕೋ ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ನಾಯಿಯೂ ಹಂದಿಯೂ ಸೆಣಸುವ ಚಿತ್ರವನ್ನು ಮೇಲೆ ಕೆತ್ತಿಸಿದರು.

ಇಲ್ಲಿಗೇ ನಿಲ್ಲಿಸಿದ್ದರೆ ಅದು ಚೆಂದದ ಸ್ಮಾರಕವಾಗಿ ಉಳಿಯುತ್ತಿತ್ತು, ಅಷ್ಟೇ. ಕಲ್ಲು ಬರೆಸಿದವರು ಅದನ್ನೂ ದಾಟಿ ಮುಂದೆ ಹೋದರು. ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಎಲ್ಲಿಯ ಭೂಮಿ, ಎಷ್ಟು ಎಂಬುದನ್ನು ಕೊರೆಸಿದರು. ಕೊನೆಗೆ, ಆ ಜಾಗವನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ತಗಲುತ್ತದೆ ಎಂದೂ ಬರೆಸಿದರು. ಒಂದು ನಾಯಿಯನ್ನು ಗೌರವಿಸುವಾಗ ಇಷ್ಟು ಎಚ್ಚರ. ಯಾರು, ಯಾರ ಕಡೆಯಿಂದ ಬಂದದ್ದು, ಏನು ಮಾಡಿತು, ಅದಕ್ಕಾಗಿ ಏನು ಕೊಟ್ಟೆವು, ನಾಳೆಯಿಂದ ನೋಡಿಕೊಳ್ಳುವವರು ಯಾರು. ಸಾವಿರ ವರ್ಷ ದಾಟಿದ ಮೇಲೂ ಕಾಳಿ ಎಂಬ ಹೆಸರು ಕನ್ನಡಿಗರ ನಾಲಿಗೆಯಲ್ಲಿ ಉಳಿದದ್ದು ಈ ವಿವರಗಳ ಬಲದಿಂದ.

ವೀರಗಲ್ಲುಗಳ ತುಂಬ ಇದೇ ಶಿಸ್ತು. ತುರು ಬಿಡಿಸಲು ಹೋಗಿ ಸತ್ತವನು, ಹೆಣ್ಣಿನ ಮಾನ ಕಾಯಲು ಹೋಗಿ ಸತ್ತವನು, ಊರಿಗೆ ಬಿದ್ದ ಕಳ್ಳರನ್ನು ತಡೆದು ಸತ್ತವನು ಎಂದು ಸಾವಿನ ಕಾರಣ ಬಿಡಿಸಿ ಹೇಳುತ್ತವೆ. ಬಹಳ ಕಡೆ ಸತ್ತವನ ಮನೆಯವರಿಗೆ ಭೂಮಿ ಬಿಟ್ಟ ಮಾತೂ ಇದೆ. ನೆತ್ತರುಗೊಡಗೆ ಎಂದು ಅದನ್ನು ಕರೆದರು. ನೆತ್ತರು ಹರಿಸಿದವನ ಹೆಂಡತಿ ಮಕ್ಕಳು ಉಪವಾಸ ಬೀಳದಂತೆ ಊರು ಹೊತ್ತ ಹೊಣೆ ಅದು. ಬೇಗೂರಿನ ಪ್ರಸಿದ್ಧ ವೀರಗಲ್ಲು, ನಾಗತ್ತರ ಕಾಳಗದಲ್ಲಿ ಬಿದ್ದ ಮೇಲೆ ಇರುಗನಿಗೆ ಬೇಗೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕೊಟ್ಟದ್ದನ್ನು ಹೇಳುತ್ತಾ ಹಳ್ಳಿಗಳ ಹೆಸರನ್ನು ಒಂದೊಂದಾಗಿ ಎಣಿಸುತ್ತದೆ. ಕೆರೆ ಕಟ್ಟಿಸಿದವರ ಶಾಸನಗಳಲ್ಲಿ ಬಿತ್ತುವಟ್ಟ ಬರುತ್ತದೆ. ಕೆರೆಯ ಹೂಳೆತ್ತುವ, ಏರಿ ಸರಿಪಡಿಸುವ ಖರ್ಚಿಗಾಗಿ ಅದರ ನೀರುಣ್ಣುವ ಗದ್ದೆಯಲ್ಲೇ ತೆಗೆದಿಟ್ಟ ಪಾಲು. ದಾನವನ್ನು ಹೊಗಳಿ ಸುಮ್ಮನಾಗುವ ಪದ್ಧತಿ ಇರಲಿಲ್ಲ. ಅದನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂದು ಶಪಿಸಿಯೇ ಮುಗಿಸುತ್ತಿದ್ದರು.

ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ 1007ರ ಶಾಸನವಿದೆ, ಅತ್ತಿಮಬ್ಬೆಯದು. ಗಂಡ ನಾಗದೇವ ಯುದ್ಧದಲ್ಲಿ ಮಡಿದ ಮೇಲೆ ಅವಳು ಬಸದಿ ಕಟ್ಟಿಸಿದಳು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು, ರನ್ನನಿಂದ ಅಜಿತಪುರಾಣ ಬರೆಯಿಸಿದಳು. ಅಚ್ಚುಮೊಳೆ ಇಲ್ಲದ ಕಾಲದಲ್ಲಿ ಒಂದು ಕಾವ್ಯ ಸಾವಿರ ಪ್ರತಿಯಾಗುವುದೆಂದರೆ ಎಷ್ಟು ಓಲೆಗರಿ, ಎಷ್ಟು ಲಿಪಿಕಾರರು, ಎಷ್ಟು ತಿಂಗಳ ಊಟ! ದಾನಚಿಂತಾಮಣಿ ಎಂಬುದು ಅವಳ ಬಿರುದು. ಈಗ ಕರ್ನಾಟಕ ಸರ್ಕಾರ ಅದೇ ಹೆಸರಿನ ಪ್ರಶಸ್ತಿಯನ್ನು ಸಾಧಕಿಯರಿಗೆ ಕೊಡುತ್ತದೆ. ಆ ಬಿರುದಿಗೆ ಇವತ್ತಿಗೂ ತೂಕವಿರುವುದು ಸಾವಿರ ಪ್ರತಿ ಎಂಬ ಲೆಕ್ಕ ಜೊತೆಗಿರುವುದರಿಂದ.

ಇಂಥದೇ ಒಂದು ಲೆಕ್ಕ ಹುಲಿಕಲ್ಲಿಗೂ ಕುದೂರಿಗೂ ನಡುವೆ ನಿಂತಿದೆ. 385 ಆಲದ ಮರಗಳು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಲ್ಲು ಒಡೆಯುವ ಕೂಲಿ. ಮಕ್ಕಳಾಗಲಿಲ್ಲ. ಗಂಡ ಚಿಕ್ಕಯ್ಯನವರ ಜೊತೆ ರಸ್ತೆಯ ಬದಿಗೆ ಆಲದ ಸಸಿ ನೆಡಲು ಶುರುಮಾಡಿದರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಅದರಾಚೆಯ ವರ್ಷ ಇಪ್ಪತ್ತು. ಮಳೆಗಾಲ ನೋಡಿ ನೆಟ್ಟರು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದರು, ಬೇಸಿಗೆಯಲ್ಲಿ ಕೊಡ ಹೊತ್ತು ಮೈಲಿಗಟ್ಟಲೆ ನಡೆದು ನೀರೆರೆದರು. ಕೂಲಿಗೂ ಹೋಗಬೇಕು, ಮನೆಯನ್ನೂ ನೋಡಬೇಕು, ಉಳಿದ ಹೊತ್ತಿನಲ್ಲಿ ಇದು. ನಾಲ್ಕು ಕಿಲೋಮೀಟರಿನಷ್ಟು ದೂರಕ್ಕೆ ನೆರಳು ಬೆಳೆಯಿತು. 1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. 1995ರಲ್ಲಿ ರಾಷ್ಟ್ರೀಯ ನಾಗರಿಕ ಪ್ರಶಸ್ತಿ ಬಂತು. ಪದ್ಮಶ್ರೀ ಬಂದದ್ದು 2019ರಲ್ಲಿ. ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವಾಗ ತಿಮ್ಮಕ್ಕ ರಾಷ್ಟ್ರಪತಿ ರಾಮನಾಥ ಕೋವಿಂದರ ತಲೆ ಮುಟ್ಟಿ ಹರಸಿದ್ದನ್ನು ದೇಶವೆಲ್ಲ ನೋಡಿತು. ಶಿಷ್ಟಾಚಾರದ ಕಟ್ಟಳೆ ಏನೇ ಇರಲಿ, ಹಿರಿಯಜ್ಜಿಯ ಎದುರು ಬಂದು ನಿಂತವರು ಯಾರಾದರೂ ಮೊಮ್ಮಗನೇ.

ಅದೇ 2019ರಲ್ಲಿ ಇನ್ನೊಂದು ಸುದ್ದಿಯೂ ಬಂತು. ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲ ಮಾಡಲು ತಿಮ್ಮಕ್ಕನ ಮರಗಳು ಅಡ್ಡ ಬರುತ್ತವೆ ಎಂಬ ಸುದ್ದಿ. ಪದ್ಮಶ್ರೀ ಪಡೆದ ಅಜ್ಜಿ, ಆ ಪದ್ಮಶ್ರೀ ತಂದುಕೊಟ್ಟ ಮರಗಳನ್ನು ಉಳಿಸಿಕೊಡಿ ಎಂದು ಮುಖ್ಯಮಂತ್ರಿಗಳನ್ನು ಬೇಡಬೇಕಾಯಿತು. ಬೇರೆ ದಾರಿ ಹುಡುಕುವುದಾಗಿ ಸರ್ಕಾರ ಹೇಳಿತು. ಅಷ್ಟಾದದ್ದು ಒಳ್ಳೆಯದೇ ಆಯಿತು. ಆದರೆ ನೂರು ದಾಟಿದ ಮುದುಕಿ ಆ ಮನವಿ ಹಿಡಿದು ಹೋಗುವ ಹೊತ್ತೇ ಬರಬಾರದಿತ್ತು. ಆತಕೂರಿನ ಕಲ್ಲು ಬರೆಸಿದವರಾಗಿದ್ದರೆ ಮೊದಲ ಪ್ರಶಸ್ತಿಯ ದಿನವೇ ಬರೆಸುತ್ತಿದ್ದರು: ಈ ರಸ್ತೆ ಎಂದಾದರೂ ಅಗಲವಾಗುವುದಾದರೆ ಮರಗಳನ್ನು ಬಿಟ್ಟು ಅಗಲವಾಗಲಿ, ಇವನ್ನು ಕಡಿದವರಿಗೆ ಇಂಥ ಪಾಪ. 2025ರ ನವೆಂಬರಿನಲ್ಲಿ ತಿಮ್ಮಕ್ಕ ಹೋದರು. ಸರ್ಕಾರಿ ಗೌರವದೊಡನೆ ಬೀಳ್ಕೊಟ್ಟರು. ಅವರ ಹೆಸರಿಟ್ಟುಕೊಂಡ ಉದ್ಯಾನಗಳು ನಾಡಿನಾದ್ಯಂತ ಇವೆ. ಆ ನಾಲ್ಕು ಕಿಲೋಮೀಟರಿನಲ್ಲಿ ಗಾಳಿಗೆ ಬಿದ್ದ ಮರದ ಜಾಗದಲ್ಲಿ ಹೊಸ ಸಸಿ ನೆಟ್ಟು, ಮುಳ್ಳು ಕಟ್ಟಿ, ಮೂರು ಬೇಸಿಗೆ ನೀರು ಹಾಕುವ ಕೆಲಸಕ್ಕೂ ಯಾರದಾದರೂ ಹೆಸರು ಬೇಕು.

ಪಾವಗಡದ ಕಡೆಗೆ ಹೋದರೆ ನರಸಮ್ಮನವರ ಕತೆ ಬೇರೆ. ಮರವಾದರೆ ಎಣಿಸಬಹುದು, ಕೂಸುಗಳನ್ನು ಎಣಿಸುತ್ತಾ ಕೂತವರಾರು? ಕೃಷ್ಣಾಪುರದ ಈ ಸೂಲಗಿತ್ತಿ ತನ್ನ ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಕಾಸು ಮುಟ್ಟದೆ. ಬರಗಾಲದ ಸೀಮೆ. ಆಸ್ಪತ್ರೆ ದೂರ, ಬಸ್ಸು ಅಪರೂಪ, ಅಲೆಮಾರಿಗಳ ಗುಡಾರದಲ್ಲಿ ನೋವು ಶುರುವಾದರೆ ಕೇಳುವವರಿಲ್ಲ. ಅಲ್ಲಿಗೆಲ್ಲ ಅವರು ನಡೆದು ಹೋದರು. ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಹೇಗೆ ಮಲಗಿದೆ ಎಂದು ಹೇಳುತ್ತಿದ್ದರು. ಸ್ವತಃ ಹನ್ನೆರಡು ಮಕ್ಕಳನ್ನು ಹೆತ್ತವರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, ಓದುಬರಹ ಬಾರದ ಸೂಲಗಿತ್ತಿ ಡಾ. ನರಸಮ್ಮ ಆದರು. ಪದ್ಮಶ್ರೀ 2018ರಲ್ಲಿ. ಅದೇ ವರ್ಷ ಡಿಸೆಂಬರ್ 25ರಂದು, ತೊಂಬತ್ತೆಂಟರ ವಯಸ್ಸಿನಲ್ಲಿ ಕಣ್ಮುಚ್ಚಿದರು. ಎಪ್ಪತ್ತು ವರ್ಷಗಳ ದುಡಿಮೆಗೆ ಬಂದ ದೊಡ್ಡ ಗೌರವವನ್ನು ಅವರು ಕಂಡದ್ದು ತಿಂಗಳುಗಳ ಮಟ್ಟಿಗೆ ಮಾತ್ರ. ನಮ್ಮಲ್ಲಿ ಗುರುತಿಸುವ ಕೆಲಸ ಬಹಳ ತಡವಾಗಿ ಆಗುತ್ತದೆ. ಮೊಣಕಾಲು ಗಟ್ಟಿ ಇರುವಾಗಲೇ, ಹತ್ತು ಜನ ಹುಡುಗಿಯರಿಗೆ ವಿದ್ಯೆ ದಾಟಿಸಲು ಕಸುವಿರುವಾಗಲೇ ಊರು ಅವರನ್ನು ಕುರ್ಚಿಯಲ್ಲಿ ಕೂರಿಸಬೇಕು.

ಆ ದೃಷ್ಟಿಯಿಂದ ನೋಡಿದರೆ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರಿಗೆ ಬಂದ ಗೌರವಗಳಲ್ಲಿ ಅತಿ ದೊಡ್ಡದು ಪದಕವಲ್ಲ. ಹಾಲಕ್ಕಿ ಒಕ್ಕಲಿಗರ ಈ ಹೆಣ್ಣುಮಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದವರು. ಯಾವ ಜಾತಿಯ ತಾಯಿಮರ ಕಾಡಿನಲ್ಲಿ ಎಲ್ಲಿದೆ, ಅದರ ಬೀಜ ಯಾವಾಗ ಬಲಿಯುತ್ತದೆ, ಯಾವ ಬೀಜವನ್ನು ಹೇಗೆ ಮೊಳೆಯಿಸಬೇಕು ಎಂಬುದೆಲ್ಲ ಅವರ ಬೆರಳ ತುದಿಯಲ್ಲಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದಿನಗೂಲಿಯಲ್ಲೇ ದುಡಿದ ಮೇಲೆ, ಈ ತಿಳಿವಳಿಕೆಯನ್ನು ಮನ್ನಿಸಿ ಇಲಾಖೆ ಅವರ ಕೆಲಸವನ್ನು ಕಾಯಂ ಮಾಡಿತು. ಸಾವಿರ ವರ್ಷದ ಹಿಂದಿನ ನೆತ್ತರುಗೊಡಗೆಯನ್ನು ನೆನಪಿಸುವ ನಡೆ ಅದು, ಬೆವರುಗೊಡಗೆ ಎನ್ನಬಹುದು. 2021ರ ನವೆಂಬರಿನಲ್ಲಿ ಅವರು ಬರಿಗಾಲಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡು ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ನಡೆದು ಹೋದ ಚಿತ್ರ ಎಲ್ಲರಿಗೂ ನೆನಪಿದೆ. ನೆನಪಿಡಬೇಕಾದ ಇನ್ನೊಂದು ಕಾಗದ ಆ ಕಾಯಮಾತಿಯ ಆದೇಶ. 2024ರ ಡಿಸೆಂಬರಿನಲ್ಲಿ ತುಳಸಿ ಗೌಡರು, ಎರಡು ತಿಂಗಳಾಗುವಷ್ಟರಲ್ಲಿ ಅದೇ ತಾಲ್ಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು, ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿ ಹೋರಾಡಿದ ಹಾಡುಗಾರ್ತಿ, ಇಬ್ಬರೂ ಹೋದರು.

ಹರೇಕಳ ಹಾಜಬ್ಬರದು ಇನ್ನೂ ವಿಶೇಷ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವರು. ಒಮ್ಮೆ ಪರದೇಶದವರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಬ್ಯಾರಿ, ತುಳು ಬಲ್ಲ ಹಾಜಬ್ಬರಿಗೆ ಉತ್ತರ ಹೇಳಲಾಗಲಿಲ್ಲ. ತನ್ನೂರಿನ ಮಕ್ಕಳಿಗೆ ಈ ಅವಸ್ಥೆ ಬರಬಾರದು ಎಂದು ಹೊರಟು, ನ್ಯೂಪಡ್ಪುವಿನಲ್ಲಿ ಮಸೀದಿಗೆ ಸೇರಿದ ಮದರಸಾದ ಕೊಠಡಿಯಲ್ಲಿ ಶಾಲೆ ಶುರುಮಾಡಿಸಿದರು. ಆಗ ಇದ್ದವರು 28 ಮಕ್ಕಳು. ಕಚೇರಿಯಿಂದ ಕಚೇರಿಗೆ ಅಲೆದು ಮಂಜೂರಾತಿ ತಂದರು, ಜಾಗ ಮಾಡಿಸಿದರು, ಕಟ್ಟಡ ಎಬ್ಬಿಸಿದರು. ಪ್ರಾಥಮಿಕ ಶಾಲೆ ಪ್ರೌಢಶಾಲೆಯವರೆಗೆ ಬೆಳೆಯಿತು. ಕಿತ್ತಳೆಯ ಲಾಭದಲ್ಲಿ ಮನೆಗೆ ಎಷ್ಟು, ಶಾಲೆಗೆ ಎಷ್ಟು ಎಂಬ ಗೆರೆಯನ್ನೇ ಅವರು ಎಳೆದುಕೊಳ್ಳಲಿಲ್ಲ. ಪ್ರಶಸ್ತಿಯ ಹಣ ಬಂದಾಗಲೆಲ್ಲ ಅದೂ ಶಾಲೆಯ ಪಾಲಾಯಿತು. 2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು.

ಊರೂರಿನ ಜನ ಕರೆದು ಹಾರ ಹಾಕಿದರು. ಹಾಜಬ್ಬರು ಹೋದಲ್ಲೆಲ್ಲ ಕೈಮುಗಿದು ಒಂದೇ ಮಾತು ಹೇಳಿದರು: ಊರಿಗೆ ಪದವಿಪೂರ್ವ ಕಾಲೇಜು ಬೇಕು. ಹತ್ತನೆಯ ತರಗತಿ ಮುಗಿದ ಮೇಲೆ ಹೆಣ್ಣುಮಕ್ಕಳು ದೂರ ಹೋಗಲಾರದೆ ಓದು ಬಿಡುತ್ತಾರೆ ಎಂಬುದು ಅವರ ಕಣ್ಣೆದುರಿನ ಸಂಗತಿ. ಸನ್ಮಾನಿತರು ವೇದಿಕೆಯ ಮೇಲೆ ಏನು ಕೇಳುತ್ತಾರೆ ಎಂಬುದನ್ನು ಅಭಿನಂದನಾ ಪತ್ರ ಬರೆಯುವವರು ಗಮನಿಸಿ ಕೇಳಬೇಕು. ಅಂಥವರು ತಮಗಾಗಿ ಬಾಯಿ ತೆರೆಯುವುದು ಕಡಿಮೆ. ತೆರೆದರೆ, ಅರ್ಧಕ್ಕೆ ನಿಂತ ಯಾವುದೋ ಕೆಲಸದ ಮುಂದಿನ ಭಾಗವೇ ಆಗಿರುತ್ತದೆ.

ದುಡಿಮೆಯಿಂದ ಕೊಟ್ಟವರಂತೆ ಗಳಿಕೆಯಿಂದ ಕೊಟ್ಟವರೂ ಈ ನಾಡಿನಲ್ಲಿ ಕಡಿಮೆ ಇಲ್ಲ. ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಇಳಿದು ಮೆಜೆಸ್ಟಿಕ್ ಕಡೆ ಹೆಜ್ಜೆ ಹಾಕುವ ಲಕ್ಷಾಂತರ ಜನ ಗುಬ್ಬಿ ತೋಟದಪ್ಪ ಎಂಬ ಹೆಸರನ್ನು ಛತ್ರದ ಮೇಲೂ ರಸ್ತೆಯ ಫಲಕದಲ್ಲೂ ಓದಿರುತ್ತಾರೆ. ಗುಬ್ಬಿಯಿಂದ ಬಂದ ಆ ವ್ಯಾಪಾರಿ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ದೂರದೂರಿನ ಪ್ರಯಾಣಿಕರಿಗೆಂದು ಛತ್ರ ಕಟ್ಟಿಸಿದರು. ಹಳ್ಳಿಯಿಂದ ಓದಲು ಬಂದ ಹುಡುಗರಿಗೆ ಉಚಿತ ವಿದ್ಯಾರ್ಥಿ ನಿಲಯ ಮಾಡಿದರು. ಮೈಸೂರಿನ ಅರಸರು ಕೊಟ್ಟ ಧರ್ಮಪ್ರವರ್ತ ಎಂಬ ಬಿರುದು ಅವರ ಹೆಸರಿಗೇ ಅಂಟಿಕೊಂಡಿತು. ಸಕ್ರಿಯವಾದ ಒಂದು ಟ್ರಸ್ಟ್ ಹಿಂದಿರುವುದರಿಂದ ಆ ಹೆಸರು ಬರಿಯ ಹೆಸರಾಗಿ ಉಳಿದಿಲ್ಲ. ಇವತ್ತಿಗೂ ಅಲ್ಲಿ ಟ್ರಂಕು ಇಳಿಸುವವರಿದ್ದಾರೆ.

ಕೃಷ್ಣರಾಜಪುರದಾಚೆ, ಹಳೇ ಮದರಾಸು ರಸ್ತೆಯ ಮಗ್ಗುಲಿನ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಆ ಭಾಗ್ಯ ದೊರೆಯಲಿಲ್ಲ. ವೀಳ್ಯದೆಲೆಯ ವ್ಯಾಪಾರದಲ್ಲಿ ಗಳಿಸಿದ ಹಣವನ್ನು ನೀರಿಗೆ ಸುರಿದವರು ಮಲ್ಲಪ್ಪ ಶೆಟ್ಟರು. ಬೆಂಗಳೂರಿನ ದೊಡ್ಡ ಕೆರೆಗಳಲ್ಲೊಂದು ಅದು. ಬಸ್ಸಿನ ಕಂಡಕ್ಟರು ದಿನಕ್ಕೆ ಹತ್ತು ಸಲ ದಾನಿಯ ಹೆಸರನ್ನು ಕೂಗುತ್ತಾನೆ. ಕೆಳಗೆ ಚರಂಡಿಯ ನೀರು ಬಂದು ಸೇರುತ್ತದೆ. ಹೆಸರನ್ನು ಊರು ಉಳಿಸಿಕೊಂಡಿತು, ಕೊಟ್ಟ ವಸ್ತುವನ್ನು ಕೈಬಿಟ್ಟಿತು. ಬಿತ್ತುವಟ್ಟದಂಥ ಏರ್ಪಾಡೊಂದು ಆ ಕೆರೆಗೆ ಇದ್ದಿದ್ದರೆ ಎನಿಸದೆ ಇರದು.

ಉತ್ತರಕ್ಕೆ ಹೋದರೆ ಶಿರಸಂಗಿ ಲಿಂಗರಾಜ ದೇಸಾಯರು. 1861ರಲ್ಲಿ ಹುಟ್ಟಿ, ಶಿರಸಂಗಿ ಸಂಸ್ಥಾನಕ್ಕೆ ದತ್ತು ಬಂದವರು. 1906ರಲ್ಲಿ ತೀರಿಕೊಳ್ಳುವ ಮುನ್ನ, ತಮ್ಮ ಆಸ್ತಿಯೆಲ್ಲ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಉಯಿಲು ಬರೆದರು. ಮುಂಬಯಿ ಕರ್ನಾಟಕದ ಹಳ್ಳಿಗಳಿಂದ ಹೊರಟು ಕಾಲೇಜು ಕಂಡ ಎಷ್ಟೋ ಹುಡುಗರ ಫೀಸು ಆ ಉಯಿಲಿನಿಂದ ಬಂತು. ಏಳು ಜನ ಮುಂದೆ ನಿಂತು 1916ರಲ್ಲಿ ಬೆಳಗಾವಿಯಲ್ಲಿ ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ 1933ರಲ್ಲಿ ತನ್ನ ಮೊದಲ ಕಾಲೇಜಿಗೆ ಲಿಂಗರಾಜರ ಹೆಸರಿಟ್ಟಿತು. ಕಾಲೇಜು ಓದಿಸಿದವರ ಹೆಸರನ್ನು ಕಾಲೇಜಿಗೇ ಇಡುವುದು. ಇದಕ್ಕಿಂತ ಒಪ್ಪುವ ಗೌರವ ಬೇರೊಂದಿಲ್ಲ.

ಸಣ್ಣ ದಾನಗಳ ವಿಷಯದಲ್ಲಿ ಹಳ್ಳಿಗಳಿಗೆ ಇವತ್ತೂ ಈ ವಿವೇಕ ಇದೆ. ಸರ್ಕಾರಿ ಶಾಲೆಯ ಸೀಲಿಂಗ್ ಫ್ಯಾನಿನ ರೆಕ್ಕೆಯ ಮೇಲೆ ಹಳೆಯ ವಿದ್ಯಾರ್ಥಿಯ ಹೆಸರು, ತರಗತಿಯ ಬೀರುವಿನ ಮೇಲೆ ತೀರಿಹೋದ ತಾಯಿಯ ನೆನಪಿಗೆ ಮಗ ಬರೆಸಿದ ಸಾಲು, ದೇವಸ್ಥಾನದ ಮೆಟ್ಟಿಲಿನಲ್ಲಿ ಹನ್ನೊಂದು ಜನರ ಹೆಸರು, ಮದುವೆ ಮನೆಗೆ ಎರವಲು ಹೋಗುವ ಹಿತ್ತಾಳೆ ಕೊಳಗದ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಮತ್ತು ಇಸವಿ. ಅಲ್ಲಿ ವಿಶೇಷಣಗಳಿಲ್ಲ. ಯಾರು, ಯಾರ ನೆನಪಿಗೆ, ಯಾವಾಗ ಎಂಬಷ್ಟೇ ಇದೆ. ವಸ್ತು ಕೈಯಲ್ಲೇ ಇರುವುದರಿಂದ ಏನು ಕೊಟ್ಟರೆಂದು ಬೇರೆ ಹೇಳಬೇಕಿಲ್ಲ. ಆ ಕೊಳಗದಲ್ಲಿ ಸಾರು ಕುದಿಯುವಷ್ಟು ಕಾಲ ಆ ಹೆಸರಿಗೂ ಕೆಲಸವಿದೆ.

ಪದ್ಮ ಪ್ರಶಸ್ತಿಗೆ ಯಾವ ನಾಗರಿಕರು ಬೇಕಾದರೂ ಹೆಸರು ಸೂಚಿಸಬಹುದೆಂದು ಈಗ ಕೇಂದ್ರ ಸರ್ಕಾರ ಬಾಗಿಲು ತೆರೆದಿದೆ. ಅರ್ಜಿಯಲ್ಲಿ 800 ಪದ ಮೀರದಂತೆ ಆ ವ್ಯಕ್ತಿಯ ಕೆಲಸವನ್ನು ವಿವರಿಸಬೇಕು. ಊರಿನ ಸಂಘದವರು ಯಾರನ್ನೂ ದಿಲ್ಲಿಗೆ ಕಳಿಸದಿದ್ದರೂ ಚಿಂತೆಯಿಲ್ಲ, ಆ 800 ಪದಗಳನ್ನು ಬರೆಯುವ ಅಭ್ಯಾಸ ಮಾಡಬೇಕು. ಸನ್ಮಾನಕ್ಕೆ ವಾರ ಮುಂಚೆ ಇಬ್ಬರು ಹುಡುಗರು ನೋಟುಪುಸ್ತಕ ಹಿಡಿದು ಅವರ ಮನೆಗೆ ಹೋಗಲಿ. ಯಾವಾಗ ಶುರುವಾಯಿತು, ಜೊತೆಗಿದ್ದವರು ಯಾರು, ದುಡ್ಡು ಎಲ್ಲಿಂದ ಬಂತು, ತಡೆದವರು ಯಾರು, ಈಗ ಏನು ಬಾಕಿ ಇದೆ ಎಂದು ಕೇಳಲಿ. ನೆರೆಹೊರೆಯವರನ್ನೂ ಕೇಳಲಿ. ಪತ್ರದ ಒಂದು ಪ್ರತಿ ಸನ್ಮಾನಿತರ ಮನೆಗೆ, ಒಂದು ಊರಿನ ಗ್ರಂಥಾಲಯಕ್ಕೆ. ಬಾಕಿ ಉಳಿದದ್ದೇನು ಎಂಬ ಕೊನೆಯ ಪ್ಯಾರಾ ಮಾತ್ರ ಗ್ರಾಮಸಭೆಗೆ ಹೋಗಿ ನಡಾವಳಿ ಪುಸ್ತಕದಲ್ಲಿ ಸೇರಬೇಕು.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ವಿಷಯದಲ್ಲಿ ಇದು ಅರ್ಧ ಆಗಿದೆ. ಕುರಿ ಕಾಯುವ ಕಾಮೇಗೌಡರು ಕುಂದಿನಿ ಬೆಟ್ಟದಲ್ಲಿ ಹಕ್ಕಿಗೂ ಮೃಗಕ್ಕೂ ಕುಡಿಯಲು ನೀರಿಲ್ಲವೆಂದು ನೊಂದು, ಮೊದಲು ಕೋಲಿನಿಂದಲೇ ಮಣ್ಣು ಕೆದಕಿದರು. ಆಮೇಲೆ ಕುರಿ ಮಾರಿ ಹಾರೆ ಗುದ್ದಲಿ ಕೊಂಡರು. ಹೀಗೆ ಹದಿನಾರು ಕಟ್ಟೆಗಳಾದವು. ರಾಜ್ಯೋತ್ಸವ ಪ್ರಶಸ್ತಿ ಬಂತು. 2020ರ ಜೂನಿನಲ್ಲಿ ಪ್ರಧಾನಿ ತಮ್ಮ ರೇಡಿಯೊ ಮಾತಿನಲ್ಲಿ ಅವರ ಹೆಸರು ಹೇಳಿದರು. ಏನು ಬೇಕೆಂದು ಕೇಳಿದಾಗ ಮುದುಕರು ಬೇಡಿದ್ದು ಒಂದು ಬಸ್ ಪಾಸು. ಸಾರಿಗೆ ನಿಗಮ ಜೀವನಪೂರ್ತಿ ಉಚಿತವಾಗಿ ಓಡಾಡುವ ಪಾಸು ಮಾಡಿಕೊಟ್ಟಿತು. ಬೇಟೆನಾಯಿಯನ್ನು ಬೇಡಿದ ಮಣಲೆರನಂತೆ ಇವರೂ ತಮಗೆ ನಿಜವಾಗಿ ಬೇಕಾದದ್ದನ್ನೇ ಕೇಳಿದರು, ಕೊಡುವವರೂ ಅದನ್ನೇ ಕೊಟ್ಟರು. 2022ರ ಅಕ್ಟೋಬರಿನಲ್ಲಿ ಕಾಮೇಗೌಡರು ಇಲ್ಲವಾದರು. ಬೆಟ್ಟದ ಕಟ್ಟೆಗೆ ಪ್ರತಿ ಮಳೆಯಲ್ಲೂ ಮಣ್ಣು ಇಳಿದು ಬರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ, ನೀರು ತಳ ಸೇರಿದಾಗ, ಹೂಳು ತೆಗೆಯಬೇಕು. ಏರಿ ಬಿರಿದಿದ್ದರೆ ಮಣ್ಣು ಒತ್ತಬೇಕು. ಪಂಚಾಯಿತಿಯ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಒಂದು ಸಾಲು ಬರೆದರೆ ಆಗುವ ಕೆಲಸ ಇದು: ಕುಂದಿನಿ ಬೆಟ್ಟ, ಕಾಮೇಗೌಡರ ಕಟ್ಟೆಗಳು, ಹದಿನಾರು, ಹೂಳೆತ್ತುವುದು.